ಕಿಂಡಿ ಅಣೆಕಟ್ಟಿಗೆ ನಾಲ್ಕು ಮೆಟ್ಟಿಲು ಕಟ್ಟಿ ಕೊಡಿ: ಎರಡು ಜಿಲ್ಲೆಗಳ ಆಡಳಿತಕ್ಕೆ ಬಹಿರಂಗ ಪತ್ರ

ಉಡುಪಿ ಮತ್ತು ದಕ್ಷಿಣ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ, ಸಣ್ಣ ನೀರಾವರಿ ಇಲಾಖೆಯ ಎಂಜಿನಿಯರುಗಳಿಗೆ, ಹೊಳೆ ಬದಿಯ ಎಲ್ಲ ಗ್ರಾಮ ಪಂಚಾಯತುಗಳ ಅಧ್ಯಕ್ಷರು ಮತ್ತು ಪಿಡಿಒಗಳಿಗೆ ನಮಸ್ಕಾರ.

ಮಳೆ ನಿಂತು ಹೊಳೆ ಇಳಿಯುತ್ತಾ ಬಂದ ಹಾಗೆ ನಮ್ಮ ಎರಡೂ ಜಿಲ್ಲೆಗಳಲ್ಲಿ ಕಿಂಡಿ ಅಣೆಕಟ್ಟುಗಳಿಗೆ, ಅಂದರೆ ಹೊಳೆಗೆ ಅಡ್ಡಲಾಗಿ ಕಿಂಡಿ ಬಿಟ್ಟು ಕಟ್ಟಿದ ಗಿಡ್ಡ ಅಣೆಕಟ್ಟುಗಳಿಗೆ, ಹಲಗೆ ಹಾಕುವ ಕೆಲಸ ಶುರುವಾಗುತ್ತದೆ. ಕಿಂಡಿ ಮುಚ್ಚಿದ ಕೆಲವೇ ದಿನಗಳಲ್ಲಿ, ಮೊಣಕಾಲು ಮಟ್ಟಕ್ಕೆ ಹರಿಯುತ್ತಿದ್ದ ಹೊಳೆ ಉದ್ದಕ್ಕೂ ತುಂಬಿ ನಿಲ್ಲುತ್ತದೆ. ಎರಡೂ ದಡದಲ್ಲಿ ಅಡಿಕೆ, ತೆಂಗು, ಬಿದಿರು. ಡಿಸೆಂಬರಿನಲ್ಲಿ ಬಿಸಿಲು ಏರುವವರೆಗೂ ನೀರಿನ ಮೇಲೆ ಮಂಜು. ಇಂಥ ಜಾಗ ಬೇರೆ ಊರಿನಲ್ಲಿದ್ದಿದ್ದರೆ ನಾವು ಕಾರು ಮಾಡಿಕೊಂಡು ನೋಡಲು ಹೋಗುತ್ತಿದ್ದೆವು.

ಇಲ್ಲಿ ನಮಗೆ ಸಿಕ್ಕಿರುವುದು ಒಂದು ಬೋರ್ಡ್. ‘ಅಪಾಯ. ಇಲ್ಲಿ ಈಜುವುದನ್ನು ನಿಷೇಧಿಸಲಾಗಿದೆ.’ ನಮ್ಮೂರಿನ ಅಣೆಕಟ್ಟಿನ ಬೋರ್ಡಿಗೆ ಒಳ್ಳೆಯ ಕಬ್ಬಿಣದ ಕಂಬ ಇದೆ. ಭಾನುವಾರ ಹುಡುಗರು ಅದಕ್ಕೇ ಅಂಗಿ ಸಿಕ್ಕಿಸಿ ನೀರಿಗೆ ಹಾರುತ್ತಾರೆ.

ಆ ಬೋರ್ಡನ್ನು ಕಿತ್ತು ಹಾಕಿ ಎಂದು ನಾನು ಕೇಳುತ್ತಿಲ್ಲ. ನನ್ನ ಕೋರಿಕೆ ಇಷ್ಟೇ. ಜನ ಹೇಗೂ ಇಳಿಯುವ ನೀರಿನಲ್ಲಿ, ಇಳಿಯಬಹುದಾದ ಒಂದು ಜಾಗವನ್ನು ನೀವೇ ಆರಿಸಿ. ಅಲ್ಲಿಗೆ ಮೆಟ್ಟಿಲು ಕಟ್ಟಿ, ಆಳದ ಗುರುತು ಹಾಕಿ, ಕಾವಲು ಇಡಿ. ಮೊದಲ ವರ್ಷ ಜಿಲ್ಲೆಗೆ ಒಂದೇ ಜಾಗ ಸಾಕು. ಡಿಸೆಂಬರಿನಿಂದ ಮಾರ್ಚ್‌ವರೆಗೆ, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಅಷ್ಟು ಮಾಡಿ ನೋಡಿ. ಉಳಿದ ಕಡೆ ನಿಷೇಧ ಇರಲಿ. ಆದರೆ ಅದು ನಿಜವಾದ ನಿಷೇಧ ಆಗಿರಲಿ.

ಕರಾವಳಿಯ ಜನಕ್ಕೆ ಹೊಳೆ ಹೊಸದಲ್ಲ. ಮೊದಲು ಊರವರೇ ಸೇರಿ ಪ್ರತಿ ವರ್ಷ ಕಟ್ಟ ಹಾಕುತ್ತಿದ್ದರು. ಅಡಿಕೆ ಮರದ ಕಾಂಡ, ಕಲ್ಲು, ಮಣ್ಣು, ಸೊಪ್ಪು. ಬೇಸಿಗೆ ಕಳೆದರೆ ಸಾಕು, ಮೊದಲ ದೊಡ್ಡ ಮಳೆಗೆ ಅದು ಕೊಚ್ಚಿಕೊಂಡು ಹೋಗುತ್ತಿತ್ತು. ಕಟ್ಟದ ನೀರು ಹೆಚ್ಚು ಆಳ ಇರಲಿಲ್ಲ. ದಡ ಮಣ್ಣಿನದ್ದು, ಇಳಿಜಾರು. ಮಕ್ಕಳು ಈಜು ಕಲಿಯುತ್ತಿದ್ದುದು ಅಲ್ಲೇ.

ಕಲಿಸುವ ಕ್ರಮವೂ ಇತ್ತು. ಎರಡು ಒಣ ತೆಂಗಿನಕಾಯಿ ಆರಿಸಬೇಕು. ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕಡಿಮೆ ಇರಬೇಕು, ಸಿಪ್ಪೆ ಎಲ್ಲೂ ಬಿರುಕು ಬಿಟ್ಟಿರಬಾರದು. ತೊಟ್ಟಿನ ಕಡೆಯಿಂದ ಒಂದೊಂದು ಕಾಯಿಯ ಸಿಪ್ಪೆಯನ್ನು ಉದ್ದಕ್ಕೆ ಸ್ವಲ್ಪ ಎಬ್ಬಿಸಿ, ಎರಡನ್ನೂ ಗಂಟು ಹಾಕುತ್ತಿದ್ದರು. ನಡುವೆ ಮಗುವಿನ ಎದೆ ಕೂರುವಷ್ಟು ಜಾಗ. ಅದರ ಮೇಲೆ ಬೋರಲು ಮಲಗಿಸಿ, ‘ಕಾಲು ಬಡಿ, ಕಾಲು ಬಡಿ’ ಎಂದು ದೊಡ್ಡವರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಹೇಳುತ್ತಿದ್ದರು. ಒಂದು ವಾರ ಕಂಕುಳು ಉಜ್ಜಿ ಕೆಂಪಾಗುತ್ತಿತ್ತು. ಆಮೇಲೆ ಒಂದು ದಿನ ಹೇಳದೆ ಕೇಳದೆ ಕಾಯಿ ತೆಗೆದುಬಿಡುತ್ತಿದ್ದರು. ನಾನು ಕಲಿತದ್ದು ಹಾಗೆ. ನನ್ನ ವಯಸ್ಸಿನ ಹೆಚ್ಚಿನವರೂ ಹಾಗೆಯೇ ಕಲಿತವರು.

ಈಗ ಊರಿನ ಕೆರೆಗೆ ಬೇಲಿ ಬಿದ್ದಿದೆ, ಮದಗದಲ್ಲಿ ಕೆಸರು ತುಂಬಿದೆ. ಕಟ್ಟದ ಜಾಗದಲ್ಲಿ ಕಾಂಕ್ರೀಟ್ ಬಂದಿದೆ. ಪಶ್ಚಿಮ ವಾಹಿನಿ ಯೋಜನೆಯಲ್ಲಿ ಹೊಳೆ ಹೊಳೆಗೂ ಕಿಂಡಿ ಅಣೆಕಟ್ಟು ಕಟ್ಟುತ್ತಾ ಬಂದಿದ್ದೀರಿ. ಒಳ್ಳೆಯದೇ. ಸಮುದ್ರದ ಉಪ್ಪು ನೀರು ಮೇಲೆ ಬರುವುದು ನಿಂತಿದೆ, ಸುತ್ತಲಿನ ಬಾವಿಗಳಲ್ಲಿ ನೀರು ಏರಿದೆ. ಹಲವು ಕಡೆ ಅಣೆಕಟ್ಟಿನ ಮೇಲೆಯೇ ಸೇತುವೆಯೂ ಆಗಿದೆ. ಮಂಗಳೂರಿನ ಪಕ್ಕ ನೇತ್ರಾವತಿಗೆ ಹರೇಕಳ–ಅಡ್ಯಾರು ನಡುವೆ ಕಟ್ಟಿದ್ದನ್ನೇ ನೋಡಿ. ಸಂಜೆ ಹೊತ್ತು ಅಲ್ಲಿ ನೀರು ನೋಡಲೆಂದೇ ಜನ ಬೈಕ್ ನಿಲ್ಲಿಸುತ್ತಾರೆ.

ಆದರೆ ಈ ಅಣೆಕಟ್ಟುಗಳ ನಕ್ಷೆಯಲ್ಲಿ ಮನುಷ್ಯ ಇಲ್ಲ. ನೀರಿದೆ, ವಾಹನ ಇದೆ, ತೋಟ ಇದೆ, ನೀರಿಗೆ ಬರುವ ಮನುಷ್ಯ ಇಲ್ಲ. ದಡ ಕುಸಿಯದಿರಲಿ ಎಂದು ಎರಡೂ ಕಡೆ ಉದ್ದಕ್ಕೆ ತಡೆಗೋಡೆ ಕಟ್ಟುತ್ತೀರಿ. ಒಂದೆರಡು ವರ್ಷದಲ್ಲಿ ಅದಕ್ಕೆ ಪಾಚಿ ಹಿಡಿಯುತ್ತದೆ. ಕಾಲು ಜಾರಿ ಬಿದ್ದವನಿಗೆ ಈಜು ಬಂದರೂ ಹಿಡಿದು ಹತ್ತಲು ಏನೂ ಇಲ್ಲ. ಕೈ ಇಟ್ಟಲ್ಲೆಲ್ಲ ಜಾರುತ್ತದೆ. ಬಟ್ಟೆ ಒಗೆಯಲು ಬಂದ ಹೆಂಗಸರು, ದನಕ್ಕೆ ಮೈ ತೊಳೆಸಲು ಬಂದವರು, ಗಾಳ ಹಾಕಿ ಕೂತ ಮುದುಕರು, ಎಲ್ಲರಿಗೂ ಇದೇ ಗತಿ. ಐವತ್ತು ಅರುವತ್ತು ಮೀಟರಿಗೆ ಒಂದು ಕಡೆ ನಾಲ್ಕು ಮೆಟ್ಟಿಲು, ಒಂದು ಕಬ್ಬಿಣದ ಬಳೆ, ಒಂದು ಸರಪಳಿ. ಕೋಟಿಗಟ್ಟಲೆ ಕಾಮಗಾರಿಯಲ್ಲಿ ಇದಕ್ಕೆ ಎಷ್ಟು ಖರ್ಚಾದೀತು? ಧರ್ಮಸ್ಥಳದ ನೇತ್ರಾವತಿಯಲ್ಲಿ, ಸುಬ್ರಹ್ಮಣ್ಯದ ಕುಮಾರಧಾರೆಯಲ್ಲಿ ಸ್ನಾನಘಟ್ಟ ಕಟ್ಟಿಯೇ ಇದ್ದೇವೆ. ಭಕ್ತರಿಗೆ ಮೆಟ್ಟಿಲು ಬೇಕು ಎಂದು ಗೊತ್ತಿದ್ದ ನಮಗೆ ಊರಿನ ಮಕ್ಕಳಿಗೂ ಬೇಕು ಎಂದು ಹೊಳೆಯಲಿಲ್ಲ.

ಇನ್ನು ಅಪಾಯದ ಮಾತು. ಅದನ್ನು ನಾನು ಸಣ್ಣದು ಮಾಡಿ ಹೇಳುವುದಿಲ್ಲ. ಯಾಕೆಂದರೆ ಬೋರ್ಡ್ ಬರೆಸುವವರಿಗಿಂತ ಹೆಚ್ಚಾಗಿ ನೀರಿಗೆ ಇಳಿಯುವವರಿಗೆ ಅದು ಗೊತ್ತಿರಬೇಕು.

ಕಿಂಡಿ ಅಣೆಕಟ್ಟಿನಲ್ಲಿ ಅತಿ ಕೆಟ್ಟ ಜಾಗ ನಿಂತ ನೀರಲ್ಲ, ಅಣೆಕಟ್ಟಿನ ಬುಡ. ಹಲಗೆಯ ಮೇಲಿಂದ ಉಕ್ಕಿದ ನೀರು ಕೆಳಗೆ ಬೀಳುವಲ್ಲಿ ಬಿಳಿ ನೊರೆ ಏಳುತ್ತದೆ. ನೋಡಲು ಚಂದ, ಫೋಟೊಕ್ಕೂ ಚಂದ. ಹುಡುಗರು ಜಲಪಾತ ಸಿಕ್ಕಿದ ಖುಷಿಯಲ್ಲಿ ಅಲ್ಲಿಗೇ ಹೋಗುತ್ತಾರೆ. ಬಿದ್ದ ನೀರು ತಳಕ್ಕೆ ಹೋಗುತ್ತದೆ, ಸ್ವಲ್ಪ ಮುಂದೆ ಮೇಲಕ್ಕೆ ಏಳುತ್ತದೆ, ಅದರಲ್ಲಿ ಒಂದು ಪಾಲು ಮತ್ತೆ ಗೋಡೆಯ ಕಡೆಗೇ ಉರುಳಿ ಬರುತ್ತದೆ. ಸಿಕ್ಕಿಕೊಂಡವನನ್ನು ಅದು ಗೋಡೆಯ ಬುಡಕ್ಕೆ ಎಳೆದು, ಒಳಗೆ ತಳ್ಳಿ, ಮೇಲೆ ತಂದು, ಮತ್ತೆ ಎಳೆಯುತ್ತದೆ. ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಮೈ ತೇಲುವುದೂ ಕಡಿಮೆ. ಲೈಫ್ ಜಾಕೆಟ್ ಹಾಕಿದವರೂ ಅದರಿಂದ ಹೊರಬರಲಾರದೆ ಸತ್ತದ್ದಿದೆ. ಅಮೆರಿಕದಲ್ಲಿ ಇಂಥ ಗಿಡ್ಡ ಅಣೆಕಟ್ಟುಗಳನ್ನು ರಕ್ಷಣಾ ಸಿಬ್ಬಂದಿ ‘ಮುಳುಗಿಸುವ ಯಂತ್ರ’ ಎಂದೇ ಕರೆಯುತ್ತಾರೆ. ಎತ್ತರ ಆಳುದ್ದ ಕೂಡ ಇರಬೇಕೆಂದಿಲ್ಲ.

ಎರಡನೆಯದು ಕಿಂಡಿಯ ಬಾಯಿ. ನೀರು ಜಾಸ್ತಿಯಾದಾಗ ಒಂದೆರಡು ಹಲಗೆ ಎತ್ತುತ್ತಾರೆ. ಮೇಲಿಂದ ನೋಡಿದರೆ ನೀರು ಸುಮ್ನೆ ನಿಂತ ಹಾಗೆ ಕಾಣುತ್ತದೆ. ಅಡಿಯಲ್ಲಿ ಮಾತ್ರ ಆ ಕಿಂಡಿ ಎಳೆಯುತ್ತಿರುತ್ತದೆ. ಕಾಲು ಸಿಕ್ಕಿದರೆ ಹಿಂದಿನ ನೀರಿನ ಭಾರವೆಲ್ಲ ಬೆನ್ನ ಮೇಲೆ. ಹಲಗೆ ಎತ್ತುವ ಹೊತ್ತಿಗೆ ಒಂದು ಸೈರನ್ ಹಾಕಲು ಎಷ್ಟು ಕಷ್ಟ?

ಮೂರನೆಯದು ಮರಳು ತೆಗೆದ ಹೊಂಡ. ನಮ್ಮ ಜಿಲ್ಲೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊಣಕಾಲು ಮಟ್ಟದ ನೀರಿನಲ್ಲಿ ನಡೆಯುತ್ತಿದ್ದವನು ಮುಂದಿನ ಹೆಜ್ಜೆಗೆ ತಲೆ ಮೇಲಿನ ನೀರಿಗೆ ಹೋಗುತ್ತಾನೆ. ಹೊಂಡದ ಅಂಚು ಸಡಿಲ ಮರಳು, ಹತ್ತಲು ಹೋದರೆ ಕುಸಿಯುತ್ತದೆ. ಈಜು ಬಾರದವನಿಗೆ ಹೊಳೆಯಲ್ಲಿ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಜೊತೆಗೆ ಬಿಟ್ಟು ಹೋದ ಕೆಂಪುಕಲ್ಲಿನ ಕೋರೆಗಳು. ಮಳೆಗಾಲದಲ್ಲಿ ಅವು ತುಂಬುತ್ತವೆ. ನಾಲ್ಕು ಕಡೆಯೂ ಕೊಯ್ದ ನೇರ ಗೋಡೆ, ಎಲ್ಲೂ ಇಳಿಜಾರಿಲ್ಲ. ಶಾಲೆ ಬಿಟ್ಟು ಬರುವ ಮಕ್ಕಳು ಅಲ್ಲಿ ಮುಳುಗಿದ ಸುದ್ದಿ ಓದದೆ ನಮ್ಮ ಮಳೆಗಾಲ ಕಳೆಯುವುದಿಲ್ಲ.

ಇನ್ನೊಂದನ್ನು ಯಾರೂ ಹೇಳುವುದಿಲ್ಲ: ದಡದ ಪಂಪ್‌ಸೆಟ್ಟಿನ ವಯರ್. ಜಾಯಿಂಟಿಗೆ ಟೇಪ್ ಸುತ್ತಿ ನೀರಿನ ಅಂಚಿನಲ್ಲೇ ಎಳೆದಿರುತ್ತಾರೆ. ನಾನು ನೀರಿಗೆ ಇಳಿಯುವ ಮೊದಲು ಮೊದಲಿಗೆ ನೋಡುವುದು ಅದನ್ನೇ.

ಈಗ ಹೇಳಿ. ಈ ನಾಲ್ಕೂ ಬೇರೆ ಬೇರೆ ಅಪಾಯ. ಒಂದೊಂದರಿಂದ ತಪ್ಪಿಸಿಕೊಳ್ಳುವ ದಾರಿಯೂ ಬೇರೆ. ಇವೆಲ್ಲಕ್ಕೂ ನಮ್ಮಲ್ಲಿರುವುದು ಒಂದೇ ಬೋರ್ಡ್, ಒಂದೇ ವಾಕ್ಯ. ಸೊಂಟದ ಮಟ್ಟದ ತಿಳಿ ನೀರಿನ ಪಕ್ಕದಲ್ಲೂ ಅದೇ, ಅಣೆಕಟ್ಟಿನ ಬುಡದಲ್ಲೂ ಅದೇ. ಎಲ್ಲ ಕಡೆ ಅಪಾಯ ಎಂದು ಬರೆದರೆ ಯಾವುದು ನಿಜವಾದ ಅಪಾಯ ಎಂದು ಹದಿನಾರರ ಹುಡುಗನಿಗೆ ತಿಳಿಯುವುದು ಹೇಗೆ? ಮೊದಲನೇ ಬೋರ್ಡನ್ನು ಮೀರಿ ಅವನಿಗೆ ಏನೂ ಆಗಲಿಲ್ಲ. ಎರಡನೆಯದನ್ನು ಅವನು ಓದುವುದೂ ಇಲ್ಲ.

ದೇಶದಲ್ಲಿ ನೀರಲ್ಲಿ ಮುಳುಗಿ ಸಾಯುವವರು ವರ್ಷಕ್ಕೆ 35 ಸಾವಿರಕ್ಕೂ ಜಾಸ್ತಿ. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಡುವ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಸೂಚಿಸುವ ದಾರಿಯಲ್ಲಿ ಬೇಲಿಯೂ ಇದೆ, ನಿಜ. ಅದರ ಜೊತೆಗೇ ಶಾಲಾ ಮಕ್ಕಳಿಗೆ ಈಜು ಕಲಿಸುವುದೂ ಇದೆ, ಪಕ್ಕದಲ್ಲಿದ್ದವರಿಗೆ ರಕ್ಷಿಸುವ ತರಬೇತಿ ಕೊಡುವುದೂ ಇದೆ. ನಾವು ಬೇಲಿಯನ್ನು ಮಾತ್ರ ಓದಿಕೊಂಡಿದ್ದೇವೆ. ಅದನ್ನೂ ಪೂರ್ತಿ ಹಾಕಿಲ್ಲ.

‘ಈಜು ಬೇಕಾದರೆ ಕೊಳ ಇದೆಯಲ್ಲ’ ಎಂದು ಕಚೇರಿಯೊಂದರಲ್ಲಿ ನನಗೆ ಹೇಳಿದರು. ಇದೆ. ಉಡುಪಿಯ ಅಜ್ಜರಕಾಡಿನಲ್ಲಿದೆ, ಮಂಗಳೂರಿನ ಎಮ್ಮೆಕೆರೆಯಲ್ಲಿ ದೊಡ್ಡದೇ ಆಗಿದೆ. ಕಲಿಯಲು ಅದೇ ಒಳ್ಳೆಯ ಜಾಗ. ಆದರೆ ಹೆಬ್ರಿಯ, ಬೆಳ್ತಂಗಡಿಯ ಹುಡುಗ ದಿನಾ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಾನಾ? ಅವನ ಮನೆಯ ಹಿಂದೆಯೇ ಹೊಳೆ ಇದೆ. ಮತ್ತೆ, ಕೊಳದಲ್ಲಿ ಕಲಿತವನಿಗೆ ಹೊಳೆ ಗೊತ್ತಿರುವುದಿಲ್ಲ. ಕೊಳದಲ್ಲಿ ತಳ ಕಾಣುತ್ತದೆ, ತಳದಲ್ಲಿ ಕಪ್ಪು ಗೆರೆ ಇರುತ್ತದೆ, ಇಪ್ಪತ್ತೈದು ಮೀಟರಿಗೋ ಐವತ್ತಕ್ಕೋ ಹಿಡಿಯಲು ಗೋಡೆ ಸಿಗುತ್ತದೆ. ಹೊಳೆಯಲ್ಲಿ ಕೈ ಮುಂದೆ ಚಾಚಿದರೆ ಬೆರಳು ಕಾಣುವುದಿಲ್ಲ. ಆಗಾಗ ತಲೆ ಎತ್ತಿ ಆಚೆ ದಡದ ಒಂದು ಮರವನ್ನು ಗುರಿ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಅಡ್ಡ ಹೋಗುತ್ತೇವೆ. ನಡುವೆ ಒಂದು ಕಡೆ ನೀರು ಇದ್ದಕ್ಕಿದ್ದ ಹಾಗೆ ತಣ್ಣಗಾಗುತ್ತದೆ. ಮೊದಲ ಸಲ ಎದೆ ಬಡಿತ ಏರುತ್ತದೆ. ಹೆದರದೆ ಮಗುಚಿ ಅಂಗಾತ ಮಲಗಿ ಉಸಿರು ತೆಗೆದುಕೊಳ್ಳುವುದು ಒಂದು ಕಲಿಕೆ. ಅದನ್ನು ಕಾವಲಿರುವ ಹೊಳೆಯಲ್ಲಿ ಕಲಿಸಬಹುದು, ಬೇರೆ ಎಲ್ಲೂ ಕಲಿಸಲಾಗುವುದಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸಿನಿಂದ ತೆರೆದ ನೀರಿನ 10 ಕಿಲೋಮೀಟರ್ ಈಜು ಪದಕದ ಸ್ಪರ್ಧೆ ಆಗಿದೆ. ಕೈಕಾಲಿಗೆ ಸರಪಳಿ ಕಟ್ಟಿಕೊಂಡು ಸಮುದ್ರದಲ್ಲಿ ಈಜಿದ ಗೋಪಾಲ ಖಾರ್ವಿ, ಪದ್ಮಾಸನ ಹಾಕಿ ಈಜಿದ ಗಂಗಾಧರ ಕಡೆಕಾರ್ ಅವರ ಊರು ಇದು. ಇಲ್ಲಿಂದ ಒಬ್ಬ ಹುಡುಗಿ ಆ ಸ್ಪರ್ಧೆಗೆ ಹೋಗಲು ಸಿದ್ಧತೆ ಮಾಡುವುದಾದರೆ ಎಲ್ಲಿ ಮಾಡಬೇಕು?

ಹಾಗಂತ ಎಲ್ಲ ನೀರೂ ನಮಗೆ ಬೇಕು ಎಂದಲ್ಲ. ಬಜೆ ಬೇಡ, ತುಂಬೆ ಬೇಡ. ಉಡುಪಿ ನಗರ ಕುಡಿಯುವುದು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ನೀರು, ಮಂಗಳೂರು ಕುಡಿಯುವುದು ನೇತ್ರಾವತಿಯ ತುಂಬೆಯ ನೀರು. 2019ರ ಬೇಸಿಗೆಯಲ್ಲಿ ಎರಡರಲ್ಲೂ ನೀರು ತೀರಾ ಇಳಿದಿತ್ತು. ಸ್ವರ್ಣೆಯ ಗುಂಡಿಗಳಲ್ಲಿ ನಿಂತಿದ್ದ ನೀರನ್ನು ಪಂಪ್ ಇಟ್ಟು ಬಜೆಗೆ ಹರಿಸಿದ್ದು, ಜನ ಹೊಳೆಗಿಳಿದು ಶ್ರಮದಾನ ಮಾಡಿದ್ದು ನಮಗೆಲ್ಲ ನೆನಪಿದೆ. ಆ ನೀರಿನ ಹತ್ತಿರ ಮೋಜು ಎಂದು ಹೋದರೆ ಊರು ಸುಮ್ಮನಿರುತ್ತದಾ? ಸುಮ್ಮನಿರಬಾರದು ಕೂಡ. ಹೊರದೇಶಗಳಲ್ಲಿ ಈ ವಿಷಯದಲ್ಲಿ ಎರಡೂ ರೀತಿ ಇದೆ. ಬೋಸ್ಟನ್ ನಗರಕ್ಕೆ ನೀರು ಕೊಡುವ ಕ್ವಾಬಿನ್ ಜಲಾಶಯದಲ್ಲಿ ದೋಣಿಯಲ್ಲಿ ಹೋಗಿ ಮೀನು ಹಿಡಿಯಬಹುದು, ಈಜುವ ಹಾಗಿಲ್ಲ. ಕ್ಯಾಲಿಫೋರ್ನಿಯಾದ ಡೆಲ್ ವ್ಯಾಲೆ ಜಲಾಶಯದ್ದೂ ಕುಡಿಯುವ ನೀರೇ. ಅಲ್ಲಿ ಗುರುತು ಹಾಕಿದ ದಡದಲ್ಲಿ ಈಜಲು ಬಿಡುತ್ತಾರೆ, ವಿಷಪಾಚಿ ಬಂದರೆ ಮುಚ್ಚುತ್ತಾರೆ. ನಮಗೆ ಆ ವಾದವೇ ಬೇಡ. ಕುಡಿಯುವ ನೀರೆತ್ತುವ ಬಾವಿ (ಜಾಕ್‌ವೆಲ್) ಇಲ್ಲದ ಕಿಂಡಿ ಅಣೆಕಟ್ಟುಗಳು ಎರಡೂ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಒಂದೊಂದು ಕೊಡಿ.

ನೀರಿನ ಶುದ್ಧತೆಗೂ ಸುಮ್ನೆ ಅಂದಾಜಿನಲ್ಲಿ ಹೋಗಬೇಕಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊಳೆ ನೀರಿಗೆ ದರ್ಜೆ ಇಟ್ಟಿದೆ. ಮೀಯಲು ಯೋಗ್ಯ ಎನ್ನುವ ‘ಬಿ’ ದರ್ಜೆಗೆ 100 ಮಿಲಿ ಲೀಟರಿನಲ್ಲಿ ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾದ ಲೆಕ್ಕ 500 ದಾಟಬಾರದು. ಶುದ್ಧೀಕರಿಸಿ ಕುಡಿಯಲು ಬಳಸುವ ‘ಸಿ’ ದರ್ಜೆಗೆ 5000ದವರೆಗೂ ಆಗುತ್ತದೆ. ಅಂದರೆ ಘಟಕಕ್ಕೆ ಹೋಗುವ ಕಚ್ಚಾ ನೀರಿಗಿಂತ ಮೀಯುವ ನೀರು ಹತ್ತು ಪಾಲು ಶುದ್ಧ ಇರಬೇಕು. ಇದು ಸರಿಯೇ. ಕಚ್ಚಾ ನೀರಿಗೆ ಆಲಂ, ಕ್ಲೋರಿನ್ ಬೀಳುತ್ತದೆ, ಮೀಯುವವನ ಬಾಯಿಗೆ ಹೊಳೆ ನೇರ ಹೋಗುತ್ತದೆ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ನೀರು ಪರೀಕ್ಷೆ ಮಾಡಿಸಿ, ಅಂಕಿಯನ್ನು ಅಲ್ಲೇ ಬರೆದು ಹಾಕಿ. 500 ದಾಟಿದ ದಿನ ಮುಚ್ಚಿ, ನಾವು ಗಲಾಟೆ ಮಾಡುವುದಿಲ್ಲ. ಗಲಾಟೆ ಮಾಡುವುದಿದ್ದರೆ ಮೇಲಿನ ಊರಿನ ಚರಂಡಿಯನ್ನು ಹೊಳೆಗೆ ಬಿಟ್ಟವರ ಮೇಲೆ ಮಾಡುತ್ತೇವೆ. ಈಜುವ ಜಾಗ ಅಂತ ಒಂದಾದರೆ ಹೊಳೆ ಗಲೀಜಾದದ್ದು ಮೊದಲು ಗೊತ್ತಾಗುವುದು ಈಜುವವರಿಗೇ. ಹೊಳೆ ಕಾಯಲು ನಿಮಗೆ ಸಂಬಳ ಇಲ್ಲದ ಜನ ಸಿಕ್ಕ ಹಾಗೆ.

ಮಳೆಗಾಲದ ಮಾತು ಬೇರೆ. ಜೂನಿನಿಂದ ಯಾರೂ ಇಳಿಯಬಾರದು. ಹಲಗೆ ತೆಗೆದಿರುತ್ತೀರಿ, ಸೆಳೆತ ಇರುತ್ತದೆ, ಕೊಚ್ಚಿ ಬಂದ ಮರದ ದಿಮ್ಮಿ ಇರುತ್ತದೆ. ಇಲಿ ಜ್ವರದ ಕಾಲ ಬೇರೆ. ಕಾಲಿನಲ್ಲಿ ಸಣ್ಣ ಗಾಯ ಇದ್ದರೂ ಸಾಕು, ಇಲಿಯ ಮೂತ್ರ ಸೇರಿದ ನೀರಿನಿಂದ ಅದು ಒಳಗೆ ಹೋಗುತ್ತದೆ. ಏಪ್ರಿಲ್–ಮೇ ಸಂಜೆ ಗುಡುಗು ಕೇಳಿದ ಕೂಡಲೇ ನೀರಿನಿಂದ ಮೇಲೆ ಬರಬೇಕು. ನಾನು ಮಾರ್ಚ್‌ವರೆಗೆ ಮಾತ್ರ ಕೇಳಿದ್ದು ಇದಕ್ಕೇ. ಆಮೇಲೆ ನೀರು ತೋಟಕ್ಕೆ ಬೇಕು, ಅದು ಕೃಷಿಕರ ಪಾಲು.

ಕಾವಲಿನ ಜಾಗ ಹೇಗಿರಬೇಕು ಎಂದು ತಿಳಿಯಲು ಲಂಡನ್ನಿಗೆ ಹೋಗಬೇಕಿಲ್ಲ, ಪಡುಬಿದ್ರಿಗೆ ಹೋದರೆ ಸಾಕು. ಅಲ್ಲಿನ ಎಂಡ್ ಪಾಯಿಂಟ್ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಶುಚಿ ಮತ್ತು ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಬಂತು. ದೇಶಕ್ಕೆ ಮೊದಲ ಸಲ ಸಿಕ್ಕ ಎಂಟರಲ್ಲಿ ಅದೂ ಒಂದು. ಈಜುವ ಜಾಗಕ್ಕೆ ಗಡಿ, ಕಾವಲು ಗೋಪುರ, ಜೀವರಕ್ಷಕರು, ಬಟ್ಟೆ ಬದಲಿಸುವ ಕೋಣೆ, ನಿಯಮಿತ ನೀರಿನ ಪರೀಕ್ಷೆ. ಅಬ್ಬರಿಸುವ ಅರಬ್ಬಿ ಸಮುದ್ರದಲ್ಲಿ ಇಷ್ಟು ಮಾಡಲು ನಮಗೆ ಆಗಿದೆ. ಮಲ್ಪೆಯಲ್ಲಿ ಮಳೆಗಾಲ ಶುರುವಾದ ಕೂಡಲೇ ಬೀಚಿನ ಉದ್ದಕ್ಕೆ ಬಲೆ ಕಟ್ಟಿ ಜನರನ್ನು ತಡೆಯುತ್ತೀರಿ, ಮಳೆ ಮುಗಿದ ಮೇಲೆ ಬಿಡುತ್ತೀರಿ. ಸಾಲಿಗ್ರಾಮದಲ್ಲಿ ಲೈಫ್ ಜಾಕೆಟ್ ಹಾಕಿಸಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕಯಾಕ್ ಬಿಡಿಸುತ್ತಾರೆ. ಸಮುದ್ರಕ್ಕೆ ಕಾಲ ನೋಡಿ ತೆರೆಯುವ, ಕಾಲ ನೋಡಿ ಮುಚ್ಚುವ ವಿವೇಕ ಇರುವ ಆಡಳಿತಕ್ಕೆ ಹೊಳೆ ಎಂದ ಕೂಡಲೇ ವರ್ಷವಿಡೀ ಒಂದೇ ಬೋರ್ಡ್ ಯಾಕೆ ಸಾಕಾಗುತ್ತದೋ ನನಗೆ ಅರ್ಥವಾಗಿಲ್ಲ.

ಉತ್ತರ ನನಗೆ ಅಂದಾಜಿದೆ. ‘ಯಾರಾದರೂ ಸತ್ತರೆ ಹೊಣೆ ಯಾರು?’ ಬೋರ್ಡ್ ಹಾಕಿದ್ದರೆ ನಾವು ಹೇಳಿದ್ದೆವು ಎನ್ನಬಹುದು. ಜಾಗ ಕೊಟ್ಟರೆ ನೀವೇ ಕೊಟ್ಟದ್ದು ಎನ್ನುತ್ತಾರೆ. ಈ ಹೆದರಿಕೆ ಸುಳ್ಳಲ್ಲ, ನಿಮಗೆ ಮಾತ್ರ ಇರುವುದೂ ಅಲ್ಲ. ಇಂಗ್ಲೆಂಡಿನ ಚೆಶೈರಿನಲ್ಲಿ ಮರಳು ತೆಗೆದು ಆದ ಒಂದು ಕೆರೆ ಇದೆ. ಅಲ್ಲಿಯೂ ‘ಈಜಬಾರದು’ ಎಂಬ ಬೋರ್ಡ್ ಇತ್ತು, ಯಾರೂ ಕೇಳುತ್ತಿರಲಿಲ್ಲ. 1995ರಲ್ಲಿ ಹದಿನೆಂಟರ ಹುಡುಗನೊಬ್ಬ ತೆಳು ನೀರಿಗೆ ತಲೆ ಮುಂದಾಗಿ ಹಾರಿ ಕುತ್ತಿಗೆ ಮುರಿದುಕೊಂಡ. ಅಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್ ಮೇಲೆ ದಾವೆ ಹೂಡಿದ. ಆ ಹೊತ್ತಿಗಾಗಲೇ ಕೌನ್ಸಿಲಿನವರು ಕೆರೆಯ ಮರಳ ದಡವನ್ನೇ ಗಿಡ ನೆಟ್ಟು ಮುಚ್ಚಲು ಹೊರಟಿದ್ದರು. 2003ರಲ್ಲಿ ಅಲ್ಲಿನ ಅತಿ ಮೇಲಿನ ನ್ಯಾಯಪೀಠ, ಹೌಸ್ ಆಫ್ ಲಾರ್ಡ್ಸ್, ಕೌನ್ಸಿಲ್ ಹೊಣೆಯಲ್ಲ ಎಂದಿತು. ಒಬ್ಬನ ಸಾಹಸಕ್ಕಾಗಿ ಉಳಿದವರೆಲ್ಲರ ಸಂತೋಷ ಕಿತ್ತುಕೊಳ್ಳಬೇಕಿಲ್ಲ ಎಂಬ ಧಾಟಿಯ ತೀರ್ಪು ಅದು. ಎರಡು ವರ್ಷದ ನಂತರ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಹೀತ್‌ನಲ್ಲಿ, ಹಿಂದೆ ನಗರಕ್ಕೆ ನೀರು ಕೊಡಲೆಂದೇ ಮಾಡಿದ ಕೊಳಗಳಲ್ಲಿ, ಚಳಿಗಾಲದ ಬೆಳಗಿನ ಜಾವ ತಮ್ಮ ಜವಾಬ್ದಾರಿಯಲ್ಲೇ ಈಜುತ್ತೇವೆ ಎಂದ ಕ್ಲಬ್ಬಿನವರೂ ಹೈಕೋರ್ಟಿನಲ್ಲಿ ಗೆದ್ದರು. ಅವು ನಮ್ಮ ಕೋರ್ಟಿನ ತೀರ್ಪುಗಳಲ್ಲ, ನಮ್ಮ ಕಾನೂನೂ ಬೇರೆ. ಆದರೆ ಇದನ್ನು ಕೂತು ಯೋಚಿಸಿದ ಜನ ಇದ್ದಾರೆ ಎಂದು ನಿಮಗೆ ಗೊತ್ತಿರಲಿ ಎಂದು ಬರೆದೆ. ಜಿಲ್ಲಾ ಸರ್ಕಾರಿ ವಕೀಲರ ಅಭಿಪ್ರಾಯ ಕೇಳಿ. ನಾವು ಬೇಕಾದರೆ ಹೆಸರು ನೋಂದಾಯಿಸಿ, ಸ್ವಂತ ಜವಾಬ್ದಾರಿ ಎಂದು ಬರೆದು ಕೊಡುತ್ತೇವೆ.

ಇಂದಿನ ವ್ಯವಸ್ಥೆಯಲ್ಲಿ ಹೊಣೆ ಯಾರ ಮೇಲೆ ಬೀಳುತ್ತಿದೆ ಗೊತ್ತಾ? ಮಲ್ಪೆಯ ಈಶ್ವರ್ ಅವರಂಥ ಮುಳುಗು ತಜ್ಞರ ಮೇಲೆ. ಎಲ್ಲಿ ಯಾರು ಮುಳುಗಿದರೂ ಅವರಿಗೆ ಫೋನು ಹೋಗುತ್ತದೆ. 2024ರಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ಆ ಸೆಳೆತಕ್ಕೂ ಇಳಿದವರು ಅವರು. ಆದರೆ ಹೊಳೆಯಲ್ಲಿ ಮುಳುಗಿದವನ ಮಿದುಳು ಉಸಿರಿಲ್ಲದೆ ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ತಾಳುವುದಿಲ್ಲ. ಫೋನು ಮಾಡಿ ಕರೆಸುವ ಹೊತ್ತಿಗೆ ಅವರಿಗೆ ಉಳಿಯುವ ಕೆಲಸ ಶವ ಎತ್ತುವುದು. ದಡದಲ್ಲೇ ಒಬ್ಬ ಇದ್ದರೆ ಮಾತ್ರ ಕತೆ ಬೇರೆ.

ಒಬ್ಬ ಇಲ್ಲದಿದ್ದರೆ ಒಂದು ಹಗ್ಗವಾದರೂ ಇರಲಿ. ಒಬ್ಬ ಮುಳುಗುವಾಗ ಉಳಿಸಲು ಹೋದ ಎರಡನೆಯವನೂ ಮುಳುಗುವುದು ನಮ್ಮಲ್ಲಿ ಪದೇ ಪದೇ ಆಗುತ್ತದೆ. ಗಾಬರಿಯಾದವನು ಸಿಕ್ಕಿದ್ದನ್ನು ತಬ್ಬುತ್ತಾನೆ. ಖಾಲಿ ಎಣ್ಣೆ ಕ್ಯಾನಿಗೆ ತಳದಲ್ಲಿ ಸ್ವಲ್ಪ ನೀರು ಬಿಟ್ಟು ಮುಚ್ಚಳ ಬಿಗಿದು, ಇಪ್ಪತ್ತು ಮೀಟರ್ ನೈಲಾನ್ ಹಗ್ಗ ಕಟ್ಟಿ. ಆ ನೀರಿನ ಭಾರಕ್ಕೆ ಕ್ಯಾನು ಗಾಳಿಗೆ ಹಾರದೆ ನೇರ ಹೋಗುತ್ತದೆ. ದಡದಲ್ಲಿ ನಿಂತೇ ಎಸೆಯಬಹುದು. ಒಂದೊಂದು ಅಣೆಕಟ್ಟಿನಲ್ಲಿ ಇಂಥ ನಾಲ್ಕು ತೂಗು ಹಾಕಿ. ನಮ್ಮೂರಿನದ್ದಕ್ಕೆ ನಾವೇ ಹಾಕಿದ್ದೆವು. ಯಾರೋ ದನ ಕಟ್ಟಲು ಹಗ್ಗ ಬಿಚ್ಚಿಕೊಂಡು ಹೋದರು, ಆ ಮಾತು ಬೇರೆ. ಮತ್ತೆ ಹಾಕಿದ್ದೇವೆ.

ಕಾವಲಿಗೆ ಜನ ಎಲ್ಲಿಂದ ತರುವುದು ಎನ್ನಬೇಡಿ. ಬೀಚುಗಳಲ್ಲಿ ಗೃಹರಕ್ಷಕರನ್ನು ಹಾಕುತ್ತೀರಿ. ಮೊಗವೀರ, ಖಾರ್ವಿ ಯುವಕರಲ್ಲಿ ನೀರು ಬಲ್ಲವರು ಕಡಿಮೆ ಇಲ್ಲ. ತರಬೇತಿ ಕೊಟ್ಟು, ಸರಿಯಾಗಿ ಸಂಬಳ ಕೊಟ್ಟು ಇಡಿ. ಸಂಬಳ ಎಂದು ಒತ್ತಿ ಹೇಳುತ್ತೇನೆ. ಗೌರವಧನ ಎಂದರೆ ಮೂರು ತಿಂಗಳು ತಡ ಎಂದು ಎಲ್ಲರಿಗೂ ಗೊತ್ತು, ಅಲ್ವಾ?

ಹೆಂಗಸರ ವಿಷಯ ಇದರಲ್ಲಿ ಯಾವಾಗಲೂ ಬಿಟ್ಟು ಹೋಗುತ್ತದೆ. ಹುಡುಗರು ಬೋರ್ಡ್ ಮೀರಿ ಹಾರುತ್ತಾರೆ. ಹುಡುಗಿಯರು ದಡದಲ್ಲಿ ಕೂತು ಅವರ ಚಪ್ಪಲಿ ಕಾಯುತ್ತಾರೆ. ನಮ್ಮ ಅಜ್ಜಿಯಂದಿರು ಹೊಳೆ ದಾಟಿ ಗದ್ದೆ ಕೆಲಸಕ್ಕೆ ಹೋಗುತ್ತಿದ್ದವರು, ಅವರಿಗೆ ಈಜು ಬರುತ್ತಿತ್ತು. ಅವರ ಮೊಮ್ಮಕ್ಕಳಿಗೆ ಬರುವುದಿಲ್ಲ. ವಾರದಲ್ಲಿ ಎರಡು ಬೆಳಿಗ್ಗೆ ಹೆಂಗಸರಿಗೆ ಮಾತ್ರ ಇರಲಿ, ಕಾವಲಿಗೂ ಹೆಂಗಸರೇ ಇರಲಿ. ಬಟ್ಟೆ ಬದಲಿಸಲು ತಗಡಿನ ಒಂದು ಕೋಣೆ, ಅದಕ್ಕೆ ಒಳಗಿನಿಂದ ಹಾಕುವ ಚಿಲಕ. ಚಿಲಕ ಮರೆಯಬೇಡಿ.

ಇನ್ನೊಂದು ಕಡೆಯಿಂದಲೂ ನನಗೆ ಭಯ ಇದೆ. ನೀವು ಬೇಡ ಎನ್ನುವುದು ಒಂದು ಭಯವಾದರೆ, ವಿಪರೀತ ಉತ್ಸಾಹದಲ್ಲಿ ಹೌದು ಎನ್ನುವುದು ಇನ್ನೊಂದು. ಜಲಕ್ರೀಡೆ ಎಂದು ಟೆಂಡರ್ ಕರೆದು, ಜೆಟ್ ಸ್ಕೀ ತಂದು, ದಡಕ್ಕೆ ಇಂಟರ್‌ಲಾಕ್ ಹಾಸಿ, ಗೋಬಿ ಮಂಚೂರಿ ಅಂಗಡಿ ಇಟ್ಟು, ‘ಐ ಲವ್’ ಎಂದು ಆಳೆತ್ತರದ ಅಕ್ಷರ ನಿಲ್ಲಿಸಿಬಿಟ್ಟರೆ ಕತೆ ಮುಗಿಯಿತು. ದಯವಿಟ್ಟು ಬೇಡ. ಯಂತ್ರದ ದೋಣಿ ಬೇಡ, ಲೈಟು ಬೇಡ, ಧ್ವನಿವರ್ಧಕ ಬೇಡ. ಆ ನೀರಿನಲ್ಲಿ ನೀರುಕಾಗೆ, ಮಿಂಚುಳ್ಳಿ ಇವೆ. ಆಚೆ ದಡದಲ್ಲಿ ತೋಟದವರು ಮಲಗಬೇಕು. ಅವರ ಬೇಲಿಯ ದಣಪೆ (ಗೇಟು) ತೆಗೆದಿಟ್ಟು ಹೋಗುವ, ಅಡಿಕೆ ಒಣಗುವ ಅಂಗಳಕ್ಕೆ ಕಾರು ನುಗ್ಗಿಸುವ ಜನ ಬರುವುದಿದ್ದರೆ ಈ ಪತ್ರವನ್ನು ನಾನೇ ಹಿಂದೆ ತೆಗೆದುಕೊಳ್ಳುತ್ತೇನೆ. ಬೈಕು, ಕಾರು ರಸ್ತೆಯಲ್ಲೇ ನಿಲ್ಲಲಿ, ನೀರಿನವರೆಗೆ ನಡೆದು ಬರಲಿ. ಕುಡಿದು ಬಂದವನನ್ನು ವಾಪಸ್ ಕಳಿಸುವ ಅಧಿಕಾರ ಕಾವಲಿನವನಿಗೆ ಕೊಡಿ. ಒಡೆದ ಬಿಯರ್ ಬಾಟಲಿಯ ಗಾಜು ಪಾದಕ್ಕೆ ಚುಚ್ಚಿದ ಗಾಯ ನಮ್ಮಲ್ಲಿ ಎಷ್ಟೋ ಜನಕ್ಕಿದೆ.

ನಾವು ಈಜುವವರೂ ನಿಯಮ ಒಪ್ಪುತ್ತೇವೆ. ಒಬ್ಬರೇ ಇಳಿಯುವುದಿಲ್ಲ. ದೂರಕ್ಕೆ ಕಾಣುವ ಬಣ್ಣದ ಟೋಪಿ ಹಾಕುತ್ತೇವೆ, ಸೊಂಟಕ್ಕೆ ಗಾಳಿ ತುಂಬಿದ ಕೇಸರಿ ಬುರುಡೆ ಕಟ್ಟಿಕೊಳ್ಳುತ್ತೇವೆ. ಅಣೆಕಟ್ಟಿನಿಂದ ನೀವು ಹೇಳಿದಷ್ಟು ದೂರದಲ್ಲಿ ಅಡ್ಡಕ್ಕೆ ಹಗ್ಗ ಕಟ್ಟಿ, ಅದಕ್ಕೆ ತೇಲುವ ಡಬ್ಬ ಕಟ್ಟಿ. ಆ ಗೆರೆ ದಾಟಿದವನಿಗೆ ದಂಡ ಹಾಕಿ. ಬೋರ್ಡಿಗೆ ಸಿಗದ ಮರ್ಯಾದೆ ಆ ಹಗ್ಗಕ್ಕೆ ಸಿಗುತ್ತದೆ, ಯಾಕೆಂದರೆ ಹಗ್ಗದ ಈಚೆ ಅವನಿಗೆ ಜಾಗ ಇದೆ.

ಕೆಲಸ ಶುರು ಮಾಡಲು ಒಳ್ಳೆಯ ಸಮಯ ನವೆಂಬರ್. ಮಳೆ ಮುಗಿದು ಹೊಳೆ ಇಳಿದಿರುತ್ತದೆ, ಹಲಗೆ ಇನ್ನೂ ಬಿದ್ದಿರುವುದಿಲ್ಲ. ಹೊಳೆಯ ತಳ ಆಗ ಮಾತ್ರ ಕಣ್ಣಿಗೆ ಕಾಣುವುದು. ಎಲ್ಲಿ ಬಂಡೆ, ಎಲ್ಲಿ ಮರಳಿನ ಹೊಂಡ, ಎಲ್ಲಿ ಹಳೆಯ ಕಟ್ಟದ ಗೂಟ ಎಂದು ನಡೆದೇ ನೋಡಬಹುದು. ಒಂದು ದಿನ ಒಬ್ಬ ಎಂಜಿನಿಯರನ್ನು, ಅಗ್ನಿಶಾಮಕ ದಳದ ಒಬ್ಬರನ್ನು ಕಳಿಸಿ. ಬಿದಿರಿನ ಗಳಕ್ಕೆ ಅಡಿ ಅಡಿಗೆ ಬಣ್ಣ ಬಳಿದು ನಾವು ತಯಾರಿರುತ್ತೇವೆ. ಹೊಂಡ ಸಿಕ್ಕಿದಲ್ಲಿ ಗಳ ನೆಡೋಣ, ಆಳ ಬರೆದುಕೊಳ್ಳೋಣ. ಕೊನೆಗೆ ಜಾಗ ಸರಿಯಿಲ್ಲ ಎಂದು ನಿಮ್ಮವರಿಗೆ ಅನಿಸಿದರೆ ಯಾಕೆ ಎಂದು ಬರೆದು ಕೊಡಿ, ಮುಂದಿನ ಅಣೆಕಟ್ಟಿಗೆ ಹೋಗೋಣ. ದಿನ ಯಾವುದು ಎಂದು ಪಂಚಾಯತಿಗೆ ಒಂದು ವಾರ ಮೊದಲು ತಿಳಿಸಿದರೆ ಸಾಕು. ಊಟದ ವ್ಯವಸ್ಥೆ ನಮ್ಮದು, ಗಂಜಿ ಮತ್ತು ಚಟ್ನಿ.

ಇತಿ,
ಉಡುಪಿ ಜಿಲ್ಲೆಯ ಹೊಳೆ ಬದಿಯ ಒಬ್ಬ ಈಜುಗಾರ, ಜೊತೆಗೆ ಈಜುವ ಗೆಳೆಯರು